ಕೊನೆಯ ಫಾರಂ

ಲಂಡನ್ನಿನ ಹಾಳೆ ಡಬ್ಲಿನ್ನಿಗೆ ಬರುತ್ತಿದ್ದದ್ದು
ಹಡಗಿನಾಳು ಫೆಲಿಮ್ ಟಿಯರ್ನಿಯ ಅಂಗಿಯೊಳಗೆ.
ಅಲ್ಲಿ ಯಂತ್ರ ಎಳೆಯುವವನಿಗೆ ಆರು ಪೆನ್ನಿ,
ಇಲ್ಲಿ ಟಿಯರ್ನಿಗೆ ಒಂದು ಶಿಲಿಂಗು, ಬಿಸಿ ಗಂಜಿ.
ಅವರ ಪುಸ್ತಕ ಹಡಗು ಹತ್ತುವ ಮೊದಲೇ
ನಮ್ಮದು ಅಂಗಡಿಯಲ್ಲಿರಬೇಕು, ಅರ್ಧ ಬೆಲೆಗೆ.
ಕಳವು ಅನ್ನಬೇಡ, ಅನ್ನುತ್ತಿದ್ದಳು
ನಮ್ಮ ಯಜಮಾನಿ, ವಿಧವೆ ಡೆಲಹಾಯ್ಡ್,
ಅವರ ಕಾನೂನಿಗೆ ಈಜು ಬರುವುದಿಲ್ಲ.

ಆ ಫೆಬ್ರವರಿ ಬಂದದ್ದು ಕ್ಲೆಮೆನ್ಸಿ ಎಂಬ ಹುಡುಗಿಯ ಕತೆ.
ಅಪ್ಪನಿಗೆ ಸಾಲ, ಕರ್ನಲ್ಲನಿಗೆ ಕಣ್ಣು,
ಚಿಕ್ಕಮ್ಮನಿಗೆ ಬಾಯಿ. ಮಾಮೂಲು.
ಹನ್ನೊಂದು ಫಾರಂ ಜೋಡಿಸಿದೆ, ಅಚ್ಚಾಯಿತು,
ಹಗ್ಗದ ಮೇಲೆ ಒದ್ದೆ ಬಟ್ಟೆಯ ಹಾಗೆ ತೂಗಿತು.
ಹನ್ನೊಂದರ ಕೊನೆಯ ಸಾಲಿನಲ್ಲಿ ಅವಳು ಕೆಮ್ಮಿದಳು.
ಕಾದಂಬರಿಯಲ್ಲಿ ಹುಡುಗಿ ಕೆಮ್ಮಿದರೆ ಮುಂದೇನೆಂದು
ಮೊಳೆ ಮುಟ್ಟಿದವರಿಗೆಲ್ಲ ಗೊತ್ತು.

ಹನ್ನೆರಡನೆಯದು ಬಿರುಗಾಳಿಗೆ ಸಿಕ್ಕಿತು.
ನಡುಗುತ್ತ ಬಂದ ಟಿಯರ್ನಿ ಅಂಗಿಯಿಂದ ತೆಗೆದು
ಮೇಜಿನ ಮೇಲೆ ಇಟ್ಟದ್ದು ಒಂದು ಹಿಡಿ ಹಿಟ್ಟು.
ಯಜಮಾನಿ ತಲೆ ಮೇಲೆ ಕೈ ಹೊತ್ತಳು.
ಆಮೇಲೆ ಅವನು ಒಲೆಯ ಮುಂದೆ ಅಂಗಿ ಕಳಚಿದ:
ಹೊಟ್ಟೆಯ ತುಂಬ ಅಕ್ಷರ.

ಹಸಿ ಮಸಿ, ಬೆವರು, ಎರಡು ರಾತ್ರಿಯ ಒತ್ತು.
ನಿಮಗದು ಕನ್ನಡಿ ಬರಹ. ನನಗೆ,
ಇಪ್ಪತ್ತಾರು ವರ್ಷ ಸೀಸ ಓದಿದವನಿಗೆ,
ತಿರುಗುಮುರುಗೇ ನೇರ.
ಮೇಣದ ಬತ್ತಿ ಹಿಡಿದು ಮಂಡಿಯೂರಿದೆ.
ಉಸಿರು ಬಿಡಬೇಡ, ಅಂದೆ.
ಅವನು ಕಚಗುಳಿಗೆ ನಕ್ಕ, ಸಾಲುಗಳೆಲ್ಲ ಕುಣಿದವು.
ಪಕ್ಕೆಲುಬಿನ ಕೆಳಗೆ ‘ಆ ಸಂಜೆ’ ಅಂತ ಇತ್ತು.
ಇನ್ನೂ ಕೆಳಗೆ, ‘ಅವಳು ಎದ್ದು ಬಾಗಿಲು ತೆರೆದಳು, ಹೊರಗೆ’ –
ಅಲ್ಲಿಂದ ಮುಂದೆ ಹೊಕ್ಕುಳು.

ಹದಿನಾರು ಪುಟ ಖಾಲಿ. ಶನಿವಾರಕ್ಕೆ ಮಾರಾಟ.
ನೀನೇ ಕೊಂದುಬಿಡು, ಅಂದಳು ಯಜಮಾನಿ,
ಎಲ್ಲರೂ ಹಾಗೇ ಮಾಡುತ್ತಾರೆ.
ಸ್ಟಿಕ್ಕು ಹಿಡಿದೆ. ಕೈ ಏಳಲಿಲ್ಲ.
ಜ್ವರದ ಚಳಿಗಾಲ ಅದು; ಆ ವಾರವೆಲ್ಲ ಜೋಡಿಸಿದ್ದು
ಮಣ್ಣಿಗೆ ಬನ್ನಿ ಎಂಬ ಕರೆಯೋಲೆ, ಕಪ್ಪು ಗೀಟಿನ ಅಂಚು,
ನೂರಕ್ಕೆ ಇಷ್ಟು ಎಂದು ಕೂಲಿ.
ಒಂದು ನನ್ನ ತಮ್ಮನ ಮಗಳದ್ದು. ಅದಕ್ಕೆ ಕೂಲಿ ಬೇಡವೆಂದೆ.

ಪೆಟ್ಟಿಗೆಗೆ ಹೊಡೆದರೂ ಮೊಳೆ,
ಸಾಲಿಗೆ ಕೂತರೂ ಮೊಳೆ,
ಮಣ್ಣು ಸೀಳಿ ತಲೆಯೆತ್ತಿದರೂ ಅದೇ ಮೊಳೆ.
ಕಾಗದವಿಲ್ಲದೆ, ಕರಡಿಲ್ಲದೆ, ನಿಂತಲ್ಲೇ
ಸೀಸದಲ್ಲಿ ಬರೆದೆ: ಹೊರಗೆ ಮೀನಿನವಳು ಕೂಗುತ್ತಿದ್ದಳು.
ಕ್ಲೆಮೆನ್ಸಿ ಎರಡು ಹೆರ್ರಿಂಗ್ ಕೊಂಡಳು,
ಚೌಕಾಸಿ ಮಾಡಿ. ಹಸಿವಾಗಿತ್ತು.
ಕರ್ನಲ್ಲನ ಕಾಗದ ಮೀನು ಸುತ್ತಲು ಒದಗಿತು.
ಚಿಕ್ಕಮ್ಮನನ್ನು ಏನು ಮಾಡಲಿ ತಿಳಿಯದೆ
ಊರಿಗೆ ಕಳಿಸಿದೆ. ಕೆಮ್ಮಿನ ಮಾತೇ ಎತ್ತಲಿಲ್ಲ.

ಒಂಬೈನೂರು ಪ್ರತಿ ಹೋಯಿತು. ಒಬ್ಬ ಪಾದ್ರಿ ಬಂದು
ಅಂತ್ಯದಲ್ಲಿ ನೀತಿಯಿಲ್ಲ, ವಾಸನೆಯಿದೆ, ಅಂದ,
ಹೆಂಡತಿಗೆಂದು ಇನ್ನೊಂದು ಪ್ರತಿ ಕೊಂಡ.
ಮರುವರ್ಷ ಲಂಡನ್ನಿನ ಎರಡನೆಯ ಮುದ್ರಣ,
‘ಗ್ರಂಥಕರ್ತರು ತಿದ್ದಿದ್ದು’, ಟಿಯರ್ನಿಯ ಅಂಗಿಯಲ್ಲೇ ಬಂತು.
ತೆರೆದರೆ ಕೊನೆಗೆ ನನ್ನ ಮೀನಿನವಳು!
ಕಳ್ಳನ ಮನೆಗೇ ಕನ್ನ, ಎಂದು ಯಜಮಾನಿ
ಮಸಿಯ ಉಂಡೆ ಕೈಯಲ್ಲಿ ಹಿಡಿದೇ ನಕ್ಕಳು.
ಮೊದಲ ಮುದ್ರಣದಲ್ಲಿ ಬಾಗಿಲಾಚೆ ಯಾರಿದ್ದರೋ
ಇವತ್ತಿಗೂ ನನಗೆ ಗೊತ್ತಿಲ್ಲ. ವಿಚಾರಿಸಲಿಲ್ಲ.

ಆ ಮೊದಲ ರಾತ್ರಿಯೇ, ಬೂದಿ ಹಚ್ಚಿ ಹೊಟ್ಟೆ ತಿಕ್ಕುತ್ತ
ಅಕ್ಷರ ಬಾರದ ಟಿಯರ್ನಿ ಕೇಳಿದ್ದ:
ಎರಡು ದಿನ ಹೊತ್ತುಕೊಂಡು ಬಂದೆನಲ್ಲ,
ಏನು ಬರೆದಿತ್ತಯ್ಯಾ ನನ್ನ ಮೇಲೆ?
ಬಾಗಿಲು ತೆರೆದಳು ಅಂತ, ಅಂದೆ.
ಅಷ್ಟೇನಾ? ಅಂದ.
ಬೆನ್ನಿಗೆ ನೀರು ಹುಯ್ಯಿ, ಅಂದ.