ಮೂವತ್ತೆಂಟನೆಯ ಪ್ರಶ್ನೆ

ನಲವತ್ತೊಂದು ಪ್ರಶ್ನೆಗಳ ಹಾಳೆ ನನ್ನದು.
ಕುರೆಸಾರೆಯ ಆಸ್ಪತ್ರೆ, ಎರಡನೇ ಮಹಡಿ,
ಕಿಟಕಿಯಾಚೆ ಕೊಲ್ಲಿ ಅರ್ಧ ಹೆಪ್ಪುಗಟ್ಟಿದೆ, ಅರ್ಧ ಯೋಚಿಸುತ್ತಿದೆ.
ಬೆಳಿಗ್ಗೆ ಕೊಯ್ದು ಸಂಜೆಗೆ ಮನೆಗೆ ಕಳಿಸಬಹುದಾದವರನ್ನು
ಆರಿಸಿ ಕೊಡುವುದು ಕೆಲಸ.
ಬಟಾಣಿಯಲ್ಲಿ ಕಲ್ಲು ಹೆಕ್ಕಿದಂತೆ ಅಂದುಕೊಳ್ಳಬೇಡಿ,
ಇಲ್ಲಿ ಯಾರೂ ಕಲ್ಲಲ್ಲ.

ಈ ದಿನ ಎದುರಿಗೆ ಆರ್ವೆಡ್. ಅರವತ್ತೆಂಟು.
ಮುಹು ದ್ವೀಪದವನು, ದೋಣಿಗೆ ಹಲಗೆ ಕೂಡಿಸುವವನು.
ತೊಡೆಸಂದಿಯಲ್ಲಿ ಹರ್ನಿಯ, ಕೋಳಿಮೊಟ್ಟೆಯಷ್ಟು;
ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ.
"ನನ್ನ ನಾಯಿಗೂ ಇಷ್ಟು ಶಿಸ್ತಿರಲಿಲ್ಲ" ಎಂದ.

ನಿಲ್ಲದೆ ಎರಡು ಮಹಡಿ ಹತ್ತಬಲ್ಲಿರಾ?
ಹತ್ತಿಯೇ ಬಂದೆ, ನಿಮ್ಮ ಲಿಫ್ಟು ಕೆಟ್ಟಿದೆ.
ಎದೆನೋವು? ಇಲ್ಲ. ಸಕ್ಕರೆ? ಚಹಾಕ್ಕೆ ಎರಡು ಚಮಚ.
ತೋಳಿಗೆ ಪಟ್ಟಿ ಸುತ್ತಿದೆ. ಉಬ್ಬಿತು, ಉಸ್ಸೆಂದು ಇಳಿಯಿತು.
ನನ್ನ ರಕ್ತದೊತ್ತಡಕ್ಕಿಂತ ವಾಸಿ.
ಹಿಂದೆ ಅರಿವಳಿಕೆ ಕೊಟ್ಟಿದ್ದರೇ?
ಸೈನ್ಯದಲ್ಲಿದ್ದಾಗ, ಮುರ್ಮಾನ್ಸ್ಕಿನಲ್ಲಿ, ಅಪೆಂಡಿಕ್ಸಿಗೆ.
ಎದ್ದಾಗ ವಾಂತಿ. ಅರಿವಳಿಕೆಗೋ ಅಲ್ಲಿನ ಸೂಪಿಗೋ, ದೇವರಿಗೇ ಗೊತ್ತು.
ಗೊರಕೆ?
ಇಲ್ಲ.
ಇಲ್ಲವೆಂದು ಯಾರು ಹೇಳಿದರು?
ಹೊಡೆಯುತ್ತೀಯೆಂದು ಯಾರೂ ಹೇಳಿಲ್ಲ. ಅದಕ್ಕೇ, ಇಲ್ಲ.

ಮೂವತ್ತೆಂಟು:
ಶಸ್ತ್ರಕ್ರಿಯೆಯ ರಾತ್ರಿ ಮನೆಯಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ?

ಟೋಪಿಯ ಕಿವಿಗಳನ್ನು ಮಡಿಸಿದ, ಬಿಚ್ಚಿದ.
"ಒಲೆ ಇದೆ" ಎಂದ.
ಆಮೇಲೆ, "ರೇಡಿಯೋ ಇದೆ."

ಹೇಳಿದೆ: ರಕ್ತ ಒಸರಬಹುದು, ಮೂತ್ರ ಕಟ್ಟಬಹುದು,
ಎದ್ದವರು ತಲೆಸುತ್ತಿ ಒಲೆಯ ಮೇಲೇ ಬೀಳಬಹುದು;
ನಿಮ್ಮಿಂದ ಇಲ್ಲಿಗೆ ಒಂದು ಗಂಟೆ, ಹಿಮ ಬಿದ್ದರೆ ಎರಡು.
ಮೊದಲ ಇಪ್ಪತ್ತನಾಲ್ಕು ಗಂಟೆ
ಫೋನೆತ್ತುವ ಇನ್ನೊಂದು ಕೈ ಬೇಕು.
"ನಲವತ್ತು ವರ್ಷದಿಂದ ನನ್ನ ಜೊತೆ ನಾನೇ ಇದ್ದೇನೆ,
ಇಲ್ಲಿಯವರೆಗೆ ದೂರು ಬಂದಿಲ್ಲ."

ಹೃದಯ ಪಾಸು, ಶ್ವಾಸಕೋಶ ಪಾಸು,
ಒಂದು ಖಾಲಿ ಗೆರೆಯಲ್ಲಿ ಮನುಷ್ಯ ಫೇಲು.
ನಿನ್ನೆ ಬಂದ ಮುದುಕಿಗೆ ಸಕ್ಕರೆ ಕಾಯಿಲೆ, ಊದಿದ ಕಾಲು;
ಮೂವರು ಹೆಣ್ಣುಮಕ್ಕಳು ಆ ರಾತ್ರಿಗಾಗಿ
ನನ್ನ ಮುಂದೆಯೇ ಕಿತ್ತಾಡಿದರು.
ಅವಳ ಗೆರೆ ತುಂಬಿ ಅಂಚಿಗೆ ಹರಿದಿತ್ತು.
'ಅರ್ಹನಲ್ಲ' ಎಂದು ಬರೆದೆ. ಪೆನ್ಸಿಲ್ಲಿನಲ್ಲಿ.
ಪೆನ್ನು ಕೈಯಳತೆಯಲ್ಲೇ ಇತ್ತು.

ಹನ್ನೊಂದು ದಿನಕ್ಕೆ ಮತ್ತೆ ಬಂದ.
ಹಿಂದೆ ಇನ್ನೊಬ್ಬ ಬಂದು ಎರಡು ಕುರ್ಚಿ ಬಿಟ್ಟು ಕೂತ.
ಎಂಡೆಲ್, ಪಕ್ಕದ ಮನೆ.
ಮೀನಿಗೆ ಹೊಗೆ ಹಾಕುವ ಗೂಡು
ಕಲ್ಲುಗೋಡೆಯ ಆ ಕಡೆ ಇರಬೇಕಿತ್ತೋ ಈ ಕಡೆಯೋ,
ಹತ್ತೊಂಬತ್ತು ವರ್ಷದಿಂದ ಮಾತಿಲ್ಲ.
"ಅವನ ಅಡುಗೆಮನೆಯಲ್ಲಿ ಕೂತಿರುತ್ತೇನೆ" ಎಂದ ಎಂಡೆಲ್, ನನಗೆ.
"ಮಾತಾಡಬೇಕೆಂದು ನಿಮ್ಮ ಹಾಳೆಯಲ್ಲಿ ಇದೆಯೇ?"
ಹುಡುಕಿದೆ. ನಲವತ್ತೊಂದರಲ್ಲಿ ಎಲ್ಲೂ ಇರಲಿಲ್ಲ.
"ಹಾಗಾದರೆ ಸರಿ" ಎಂದರು ಇಬ್ಬರೂ,
ಬೇರೆ ಬೇರೆ ಕಿಟಕಿ ನೋಡುತ್ತ.

ಮಂಗಳವಾರ, ಪಟ್ಟಿಯಲ್ಲಿ ಮೂರನೆಯವನು.
ಎರಡಕ್ಕೆ ಬಿಸ್ಕತ್ತು ತಿಂದ, ಮೂರಕ್ಕೆ ಮೂತ್ರ ಹೊಯ್ದ.
(ಅದಾಗದೆ ಯಾರನ್ನೂ ಬಿಡುವುದಿಲ್ಲ ನಾವು.)
ನಾಲ್ಕಕ್ಕೆ ಎಂಡೆಲ್‌ನ ಕಾರು;
ಆರ್ವೆಡ್ ಹಿಂದಿನ ಸೀಟಿನಲ್ಲಿ, ಟ್ಯಾಕ್ಸಿ ಹಿಡಿದವನ ಹಾಗೆ.

ಮರುದಿನ ಒಂಬತ್ತಕ್ಕೆ ಫೋನು ಮಾಡಿದೆ.
ಎತ್ತಿದ್ದು ಎಂಡೆಲ್, ಪಿಸುದನಿಯಲ್ಲಿ.
ರಕ್ತ? ಇಲ್ಲ. ನೋವು? ಇದೆಯಂತೆ, ಗೊಣಗುತ್ತಾನೆ.
ಊಟ? ಕಪ್ಪು ಬ್ರೆಡ್ಡು, ನನ್ನ ಗೂಡಿನ ಮೀನು.
ಇನ್ನೇನಾದರೂ ಹೇಳುವುದಿದೆಯೇ?
ತಂತಿಯಾಚೆ ಒಲೆಯ ಬಾಗಿಲು ಕಿರ್ರೆಂದಿತು.
"ಬರೆದುಕೊಳ್ಳಿ, ಸಿಸ್ಟರ್: ಗೊರಕೆ ಹೊಡೆಯುತ್ತಾನೆ.
ಬೇಸಿಗೆಯಲ್ಲಿ ಕಿಟಕಿ ತೆರೆದಾಗಲೆಲ್ಲ ಕೇಳಿಸುತ್ತದೆ,
ಹತ್ತೊಂಬತ್ತು ವರ್ಷದಿಂದ.
ಮುಂದಿನ ಸಲ ಅದನ್ನು
ನನ್ನನ್ನು ಕೇಳಿ."