ಒರೆಸಿ ಇಡುವ ಹಲಗೆ

ಉಲಾನ್‌ಬಾತರಿನ ಈ ಮೂರನೇ ಮಹಡಿಯಲ್ಲಿ
ಹನ್ನೊಂದು ಚಳಿಗಾಲ ಕೂತಿದ್ದೇನೆ, ಗಾಜಿನ ಈಚೆ.
ಗಡಿಯಾರ ಬಿಚ್ಚಿಸುವುದು, ತೋಳು ಮಡಿಸಿ ನೋಡುವುದು,
ಕನ್ನಡಕದ ಕಡ್ಡಿ ತಿರುಗಿಸುವುದು,
ಉಣ್ಣೆಬೂಟಿನೊಳಗೆ ಚೀಟಿ ಇಲ್ಲವೆಂದು ಬರೆದುಕೊಳ್ಳುವುದು,
ಇಷ್ಟಕ್ಕೆ ಸಂಬಳ.
ಹೊರಗೆ ಮೈನಸ್ ಮೂವತ್ತೊಂದು. ಕಲ್ಲಿದ್ದಲ ಹೊಗೆ
ಬಂದವರ ಕೋಟು ಹಿಡಿದು ಒಳಗೆ ಬಂದು
ಗೂಟಕ್ಕೆ ನೇತುಬೀಳುತ್ತದೆ.

ನೆಟ್‌ವರ್ಕ್ ಪರೀಕ್ಷೆಯವರನ್ನು ತುಟಿಯಿಂದಲೇ ಗುರುತಿಸಬಲ್ಲೆ.
ಸರದಿಯಲ್ಲಿ ನಿಂತಲ್ಲೇ ಮಣಮಣ:
ನೂರ ಇಪ್ಪತ್ತೆಂಟು, ನೂರ ತೊಂಬತ್ತೆರಡು, ಇನ್ನೂರ ಇಪ್ಪತ್ನಾಲ್ಕು…
ನಮ್ಮಜ್ಜಿ ಲಾಮಾನ ಮಂತ್ರಕ್ಕೂ
ಇಷ್ಟು ಹೆದರಿದವಳಲ್ಲ.

ಬಿಲ್ಗೂನ್ ಬಂದ, ಇಪ್ಪತ್ತೆರಡರ ಹುಡುಗ.
ಫೋನು ಲಾಕರಿಗೆ ಹಾಕುವ ಮುಂಚೆ, ಕೇಳದಿದ್ದರೂ, ತೋರಿಸಿದ:
ಅಭ್ಯಾಸ ಪರೀಕ್ಷೆ ನಲವತ್ತು ಸಲ,
ಕೊನೆಯ ಒಂಬತ್ತು ಸಲ ನೂರಕ್ಕೆ ತೊಂಬತ್ತೆಂಟು.
"ಪ್ರಶ್ನೆ ಪೂರ್ತಿ ಓದುವುದೇ ಬೇಡ ಅಕ್ಕ,
ಮೊದಲ ನಾಲ್ಕು ಪದ ಕಂಡರೆ ಸಾಕು,
ಬೆರಳೇ ಹೋಗಿ ಸಿ ಒತ್ತುತ್ತದೆ."
ಸರಿ ಅಂದೆ. ಇಲ್ಲಿ ಸಹಿ ಮಾಡು ಅಂದೆ.

ಮೊದಲ ಅರ್ಧ ಗಂಟೆ ಅವನದು ಕುದುರೆ ಓಟ.
ಆಮೇಲೆ, ಅವನ ಪರದೆ ನನಗೆ ಕಾಣುವುದಿಲ್ಲ,
ಕಾಣಬಾರದು,
ಮುಖದ ಮೇಲಿನ ಬೆಳಕು ಆರಿದ್ದು ಕಂಡಿತು.
ಆ ಕಪ್ಪು ಪರದೆಯ ಬಗ್ಗೆ ಸೋತವರು ಹೇಳಿ ಗೊತ್ತು:
ಎ ಇಲ್ಲ, ಬಿ ಇಲ್ಲ, ಆರಿಸಲು ಏನೂ ಇಲ್ಲ,
ಕೆಟ್ಟ ರೂಟರೊಂದು, ಮಿಟುಕುವ ಗೆರೆಯೊಂದು.
ಸರಿಮಾಡು. ಅಷ್ಟೇ.
ಅವನ ಬೆರಳು ಗಾಳಿಯಲ್ಲಿ ನಿಂತಿತ್ತು,
ಬಾಗಿಲು ತಟ್ಟಲು ಬಂದವನು
ಬಾಗಿಲನ್ನೇ ಕಾಣದ ಹಾಗೆ.

ಗೊಂಬೊಸುರೆನ್ ಬರುವುದು ಇದು ಮೂರನೇ ಸಲ.
ಐವತ್ತಮೂರು. ಗೋಬಿಯ ಗಣಿಯಲ್ಲಿ ಹದಿನೆಂಟು ವರ್ಷ
ಒಂಟೆ ಕಚ್ಚಿದ ಕೇಬಲ್ಲಿಗೆ ಮತ್ತೆ ತಲೆ ಕಟ್ಟಿದವನು.
ಗಾಳಿ ಕುಯ್ಯುವಾಗ ಕೈಗವಸು ಹಲ್ಲಲ್ಲಿ ಕಿತ್ತು
ಎಂಟು ಎಳೆ, ಬಣ್ಣ ತಪ್ಪದೆ.
ಬೆರಳ ತುದಿಗಳು ಬಿರುಕು ಬಿಟ್ಟು, ನಮ್ಮ ಯಂತ್ರಕ್ಕೆ
ಅವನ ಹೆಬ್ಬೆಟ್ಟು ಓದಲು ಬರುವುದಿಲ್ಲ.
ಪ್ರತಿ ಸಲವೂ ಕೈಯಲ್ಲೇ ಬರೆದುಕೊಳ್ಳುತ್ತೇನೆ.

"ತಂತಿ ಗೊತ್ತು ತಾಯಿ," ಅಂದಿದ್ದ ಎರಡನೇ ಸಲ ಸೋತು,
"ಈ ಜನ ಕೇಳುವ ರೀತಿ ಗೊತ್ತಿಲ್ಲ.
ಕೆಳಗಿನವುಗಳಲ್ಲಿ ಯಾವುದು *ಅಲ್ಲ*, ಅಂತೆ.
ಆ ಅಲ್ಲ ಒಂದು ಅಲ್ಲಿದ್ದದ್ದೇ ಕಾಣಲಿಲ್ಲ."
ರಷ್ಯನ್ ಓದಿದ ಕಾಲದವನು. ಈಗ ಸೊಸೆ ರಾತ್ರಿ
ಉಪ್ಪಿನ ಚಹಾ ಆರುವವರೆಗೂ
ಅಭ್ಯಾಸದ ಪ್ರಶ್ನೆ ಇಂಗ್ಲಿಷಿನಲ್ಲಿ ಓದುತ್ತಾಳಂತೆ,
ಇವನು ಉತ್ತರ ಹೇಳುವುದಿಲ್ಲವಂತೆ,
ಏನು ಕೇಳಿದರು ಎಂದು ಮಾತ್ರ ಹೇಳಬೇಕಂತೆ.
"ಜೊತೆಗೆ ಎರಡು ಗಂಟೆ ಮೂತ್ರ ತಡೆಯುವುದನ್ನೂ ಕಲಿತೆ,"
ನಕ್ಕ. ನನಗೆ ನಗುವ ಅನುಮತಿ ಇದೆಯೋ ಇಲ್ಲವೋ.

ಫಲಿತಾಂಶ ಮೊದಲು ನನ್ನ ಪ್ರಿಂಟರಿಗೆ ಬರುತ್ತದೆ.
ಬೋರಲು ಮಾಡಿ ಕೊಡುವುದು ನಿಯಮ.
ಬಿಲ್ಗೂನ್ ಮೆಟ್ಟಿಲಲ್ಲೇ ತಿರುವಿ ನೋಡಿ
ಫೋನಿಗೆ ಬೈಯುತ್ತಾ ಇಳಿದ, ಅದೇನು ಮಾಡೀತು ಪಾಪ.
ಮುದುಕ ನೋಡಲೇ ಇಲ್ಲ.
ನಾಲ್ಕು ಮಡಿಕೆ ಮಾಡಿ ತುಪ್ಪಳದ ಟೋಪಿಯೊಳಗಿಟ್ಟ:
"ಬಸ್ಸಿನಲ್ಲಿ ಮುಖ ಬದಲಾಗಬಾರದು."
ನಾನು ನೋಡಿದ್ದೆ. ಹೇಳುವಂತಿಲ್ಲ.

ಅವನ ಹಲಗೆಯಲ್ಲಿ ಅಂಕಿಗಳ ಪಕ್ಕ
ರೂಟರುಗಳನ್ನು ದುಂಡಗೆ, ಗೇರ್ ಗುಡಾರಗಳ ಹಾಗೆ ಬರೆದಿದ್ದ,
ಒಂದೊಂದಕ್ಕೂ ಹೊಗೆಕಿಂಡಿ.
ಸ್ಪಿರಿಟ್ ಹಚ್ಚಿ ಒರೆಸಿದೆ. ಅದೂ ನಿಯಮ.

ಮನೆಗೆ ಬಂದರೆ ವೈಫೈ ಡಬ್ಬಿಯಲ್ಲಿ ಕೆಂಪು ದೀಪ.
ಹನ್ನೊಂದು ವರ್ಷದ ಮಣಮಣ ಅಷ್ಟೂ ಬಾಯಿಗೆ ಬಂತು,
ನೂರ ಇಪ್ಪತ್ತೆಂಟು, ನೂರ ತೊಂಬತ್ತೆರಡು.
ದೀಪ ಕೆಂಪಗೇ ಇತ್ತು.
ಕೊನೆಗೆ ವೈರು ಕಿತ್ತೆ. ಹತ್ತು ಎಣಿಸಿದೆ. ಸಿಕ್ಕಿಸಿದೆ.
ಹಸಿರಾಯಿತು,
ಯಾವ ಪ್ರಶ್ನೆಗೆ ಉತ್ತರವೋ ಏನೋ.