ಐವತ್ತು ಬಾರ್

ಕಲಬುರಗಿ ಜಿಲ್ಲಾದಾಗ ಸಮುದ್ರ ಎಲ್ಲಿ ಅದವಾ,
ಎಂದು ನಕ್ಕವರಿಗೆಲ್ಲ ನನ್ನ ಉತ್ತರ ಒಂದೇ:
ಶಹಾಬಾದಿಗೆ ಬರ್ರಿ, ಖಣಿಗೆ ಇಳದು ತೋರಿಸ್ತೀನಿ.
ಫರ್ಸಿ ತಗದು ತಗದು ಅಪ್ಪನ ಜೋಡಿಯವರು ಬಿಟ್ಟ ತಗ್ಗು,
ಮ್ಯಾಲ ಹಸರು ನೀರು, ತಳಕ್ಕ ಕತ್ತಲಿ,
ಗ್ವಾಡಿ ತುಂಬ ಪದರು ಪದರು ಕಲ್ಲು,
ಯಾರೋ ಓದಿ ಮುಗಿಸದ ಪುಸ್ತಕ ತೊಯ್ಸಿ ಇಟ್ಟಂಗ.

ಮುರುಡೇಶ್ವರದಾಗ ಕಲತದ್ದು ಮೀನಿನ ಹೆಸರಲ್ಲ.
ಡೈವ್‌ಮಾಸ್ಟರ್ ಅಂದ್ರ ತಲಿ ಎಣಸಾಕಿ.
ಆರು ಮಂದಿ ಇಳದ್ರ ಆರು ಮಂದಿ ಏರಬೇಕು.
ಮುಳ್ಳು ಐವತ್ತಕ್ಕ ಬರೂದ್ರಾಗ ನೀರಿಂದ ಹೊರಗ ಇರಬೇಕು.
ಆ ಐವತ್ತು ನಿನ್ನ ಗಾಳಿ ಅಲ್ಲ,
ಅಂತಿದ್ದ ಕಲಸಿದ ಮಾದೇವ ಮೊಗೇರ,
ಅದು ಇನ್ನೊಬ್ಬಂದು.

ನನ್ನ ಜೋಡಿ ಪಾಸಾದ ಫೆಲ್ಸಿ ಅಲ್ಲೇ ಉಳದಾಳ,
ಹೊಸದಾಗಿ ಲಗ್ನಾದವರ ಕೈ ಹಿಡದು ಆಮಿ ತೋರಸ್ತಾಳ.
ಇಕ್ರಮ್ ಹೈದರಾಬಾದಿನ ಮಾಲಿನ್ಯಾಗ
ಗಾಜಿನ ಒಳಗ ನಿಂತು ಪಾಚಿ ಒರಸ್ತಾನ;
ಹೊರಗಿನ ಹುಡುಗರಿಗೆ ಕೈ ಬೀಸೂದು ಪಗಾರದಾಗೇ ಬಂತಂತ.
ಬಸಲಿಂಗ ನಾರಾಯಣಪುರ ಡ್ಯಾಮಿನ ಗೇಟಿಗೆ ಇಳೀತಾನ,
ಕಣ್ಣಿಗೆ ಏನೂ ಕಾಣಲ್ಲ,
ರಬ್ಬರಿನ ಬಿರುಕು ಬಳ್ಳಿಲೆ ಓದಬೇಕು.
ನಂಗ ಪೊಲೀಸ್ ಠಾಣಾದಿಂದ ಫೋನ್ ಬರತದ.

ಮೊದಲ ಸಲ ತಂದದ್ದು ಕದ್ದ ಮೋಟರ್‌ಸೈಕಲ್.
ಎರಡನೇದು ಏನಂತ ಹೇಳಲ್ಲ.
ಅದರ ತಾಯಿ ನನ್ನ ಕೈಯಾಗ ನೂರರ ಎರಡು ನೋಟು ಇಟ್ಟಳು.
ಬ್ಯಾಡ ಅನ್ನೂದ್ರಾಗ ತೊಯ್ದುಬಿಟ್ಟಿದ್ದವು.

ಆಮ್ಯಾಲ ಐತವಾರಕ್ಕೊಮ್ಮಿ ಖಣಿ ದಂಡಿಗೆ
ವಡ್ಡರ ಗಲ್ಲಿಯ ಹುಡುಗ ಹುಡುಗಿಯರನ್ನ ಕರೀತೀನಿ.
ಈಜು ಆಮ್ಯಾಲ. ಮೊದಲು ಅಂಗಾತ ಬೀಳೂದು,
ನೀರಿನ ಮ್ಯಾಲ ಸುಮ್ಮ ಇರೂದು.
ಹೆಬ್ಬಟ್ಟು ಎತ್ತಿದ್ರ ‘ಭಾರಿ’ ಅಂತಲ್ಲ ಮಕ್ಕಳಾ,
‘ಮ್ಯಾಲ ಹೋಗೂಣು’ ಅಂತ.
ಕಟಿಂಗ್ ಮಷೀನಿನ ಬಾಜೂ ಕಿವಿ ಕಳಕೊಂಡ ಖಾಸಿಂ ಕಾಕಾ
ಎಲ್ಲರಕಿಂತ ಮೊದಲು ಸನ್ನಿ ಕಲತ.
ಈಗ ಚಹಾ ಅಂಗಡಿಯಿಂದ್ಲೇ ಕೇಳ್ತಾನ, ಗಾಳಿ ಎಷ್ಟು ಉಳದಾದ?
ಅಪ್ಪ ಮಾತ್ರ ದೂರ ಕುಂತು
ಹಚ್ಚದ ಬೀಡಿ ಹಿಡಕೊಂಡು ನೋಡ್ತಿದ್ದ.
ಕಲತನೋ ಇಲ್ಲೋ, ಗೊತ್ತಾಗಲಿಲ್ಲ.

ಹೋದ ಥಂಡಿಯಾಗ ಅವಂಗ ದಮ್ಮು ಹತ್ತಿತು.
ನಲವತ್ತು ವರ್ಷದ ಧೂಳು, ಎದಿಯಾಗೇ ಫರ್ಸಿ ಹಾಸ್ಯಾದ.
ಕಲಬುರಗಿ ದೊಡ್ಡ ದವಾಖಾನಿ, ರಾತ್ರಿ ಎರಡು,
ಗ್ವಾಡಿಯ ಪೈಪು ಕೆಟ್ಟು ಕಾಟಿಗೊಂದು ಸಿಲಿಂಡರ್,
ಹನ್ನೊಂದು ಕಾಟು, ಒಬ್ಬಾಕಿ ಸಿಸ್ಟರ್.
ಹತ್ತು ಲೀಟರಿನ ಸಿಲಿಂಡರ್, ನಿಮಿಷಕ್ಕ ಐದು ಲೀಟರ್,
ಮುಳ್ಳು ಅರವತ್ತರ ಮ್ಯಾಲ:
ಎರಡು ತಾಸು ಅದ, ಅಂದೆ. ಸಿಸ್ಟರ್ ತಿರುಗಿ ನೋಡಿದಳು.

ಅಪ್ಪನ ಕಣ್ಣಾಗ ನೀರಿನೊಳಗ ಗಾಬರಿಯಾದವರ ಕಣ್ಣು.
ಎರಡು ಬಳ್ಳು ಅವನ ಕಣ್ಣಿಗೆ, ಆಮ್ಯಾಲ ನನ್ನ ಕಣ್ಣಿಗೆ:
ನನ್ನ ನೋಡು. ಉಸರು ಬಿಡು. ಇನ್ನೂ ಬಿಡು.
ತೊಗೊಳ್ಳಾಕ ಗಡಬಡಿ ಮಾಡಬ್ಯಾಡ.

ಅಕ್ಕಾ, ನಮ್ಮದೂ ನೋಡ್ರಿ, ಅಂದ ಬಾಜೂ ಕಾಟಿನ ಹುಡುಗ.
ನೋಡಿದೆ. ಅದರ ಬಾಜೂದೂ ನೋಡಿದೆ.
ಏಳನೇ ಕಾಟು, ಚಿತ್ತಾಪುರದಾಕಿ, ಮಗ ಚಹಾಕ್ಕ ಹೋಗ್ಯಾನ,
ಮುಳ್ಳು ಹದಿನೈದು.
ವಾರ್ಡಿನ ತುಂಬ ತುಂಬಿದ ಸಿಲಿಂಡರ್ ಒಂದೇ ಒಂದು,
ಅದನ್ನ ನಾನೇ ಹೇಳಿ ಅಪ್ಪನ ಕಾಟಿಗೆ ತರಿಸಿಟ್ಟಿದ್ದೆ.

ಉರುಳಿಸಿಕೊಂಡು ಹೊಂಟೆ.
ಕಬ್ಬಿಣ ಫರ್ಸಿ ಮ್ಯಾಲ ಹೊಳ್ಳಿದ ಸಪ್ಪಳಕ್ಕ
ಅಪ್ಪ ಕಣ್ಣು ತೆರೆದ.
ತನ್ನ ಮುಳ್ಳು ನೋಡಿದ, ಐವತ್ತೈದು.
ನನ್ನ ನೋಡಿದ.
ಚಾದರಿನೊಳಗಿಂದ ಕೈ ತಗದು ಹೆಬ್ಬಟ್ಟು ಎತ್ತಿದ.

ಸವ್ವಾ ಮೂರಕ್ಕ ಲಾರಿ ಬಂತು.
ಹನ್ನೊಂದು ತಲಿ ಎಣಸಿ ಕುಂತೆ.
ಈಗ ಅವ ಮನ್ಯಾಗ ಅದಾನ, ಮೆತ್ತಗ ರೊಟ್ಟಿ ತಿಂತಾನ,
ನಾ ಕೇಳಿಲ್ಲ
ಅವತ್ತು ಅವ ಆಡಿದ್ದು ಯಾವ ಭಾಷಾ ಅಂತ.